ರೂಪಭದ್ರತೆ ಮತ್ತು ಶಾಸನ: ಪ್ರೊ. ಜೋಸೆಫ್ ಮುಂಡಶ್ಶೇರಿಯವರ ಜೀವಿತಕಾರ್ಯದ ಒಂದು ವಿಮರ್ಶೆ

ಸಾಹಿತ್ಯ ವಿಮರ್ಶಕನೊಬ್ಬನು ಶಾಸನಕರ್ತನಾದಾಗ ಅವನು ರಚಿಸಿದ ಶಾಸನವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಅಷ್ಟಾಗಿ ಎದ್ದಿಲ್ಲ. ಕೇರಳದ ಮೊದಲನೆಯ ವಿದ್ಯಾಮಂತ್ರಿಗಳಾಗಿದ್ದ ಪ್ರೊ. ಜೋಸೆಫ್ ಮುಂಡಶ್ಶೇರಿಯವರ ಹೆಸರು ಕನ್ನಡ ವಾಚಕರಿಗೆ ತಿಳಿದಿದ್ದರೆ ಅದು 1957ರ ವಿದ್ಯಾ ಮಸೂದೆಯ ಮೂಲಕ; ಒಂದು ಸರಕಾರವೇ ಉರುಳುವುದಕ್ಕೆ ನೆಪವಾದ ಮಸೂದೆಯ ಕರ್ತೃವೆಂದು. ಮಲಯಾಳಂ ವಾಚಕರಿಗಾದರೋ ಅವರು ಮೊದಲು ವಿಮರ್ಶಕರು, ಅನಂತರ ಮಂತ್ರಿಗಳು. ಸಾಮಾನ್ಯವಾಗಿ ಸಾಹಿತ್ಯ ಚರಿತ್ರೆಕಾರರು ಅವರ ಕಥೆಯನ್ನು 1957ಕ್ಕೆ ನಿಲ್ಲಿಸುತ್ತಾರೆ. ರಾಜಕೀಯ ಚರಿತ್ರೆಕಾರರು 1957ರಿಂದ ಪ್ರಾರಂಭಿಸುತ್ತಾರೆ. ಹೀಗೆ ಒಬ್ಬನೇ ಮನುಷ್ಯನನ್ನು ಎರಡು ಕೋಣೆಗಳಲ್ಲಿ ಕೂಡಿಸಿ ನಡುವಿನ ಬಾಗಿಲನ್ನು ಮುಚ್ಚಿದಂತಾಗಿದೆ. ಆ ಬಾಗಿಲನ್ನು ತೆರೆದು ನೋಡಿದರೆ, ಅವರ ಮಸೂದೆಯ ಗುಣ ಮತ್ತು ದೋಷ ಎರಡೂ ಅವರ ವಿಮರ್ಶೆಯ ಬೆಳಕಿನಲ್ಲಿಯೇ ಸ್ಪಷ್ಟವಾಗುತ್ತವೆ ಎಂಬುದು ಪ್ರಸ್ತುತ ಲೇಖನದ ವಾದ.

ಮುಂಡಶ್ಶೇರಿಯವರು 1903ರ ಜುಲೈ 17ರಂದು ತ್ರಿಶೂರಿನ ಬಳಿಯ ಕಂಡಶ್ಶಾಂಕಡವು ಎಂಬಲ್ಲಿ ಒಂದು ಸಿರಿಯನ್ ಕಥೋಲಿಕ ಮನೆತನದಲ್ಲಿ ಹುಟ್ಟಿದರು. ಮೊದಲ ಪದವಿ ಭೌತಶಾಸ್ತ್ರದಲ್ಲಿ; ಅನಂತರ ಮದರಾಸು ವಿಶ್ವವಿದ್ಯಾನಿಲಯದಿಂದ ಸಂಸ್ಕೃತ-ಮಲಯಾಳಗಳಲ್ಲಿ ಎಂ. ಎ. ತ್ರಿಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ ಸುಮಾರು ಕಾಲು ಶತಮಾನ ಅಧ್ಯಾಪಕರಾಗಿದ್ದು, ಪೌರಸ್ತ್ಯ ಭಾಷೆಗಳ ವಿಭಾಗದ ಮುಖ್ಯಸ್ಥರಾಗಿ, 1952ರಲ್ಲಿ ಆ ಕಾಲೇಜಿನಿಂದ ಹೊರಬಂದರು. ‘ಮಂಗಳೋದಯಂ’ ಪತ್ರಿಕೆಯ ಸಂಪಾದಕತ್ವವೂ ಅವರಿಗೆ ಸಂದಿತ್ತು. ಭೌತಶಾಸ್ತ್ರವನ್ನು ಓದಿದವರು ಅಲಂಕಾರಶಾಸ್ತ್ರಕ್ಕೆ ಬಂದರೆ ಪರಿಭಾಷೆಯ ಬಗೆಗೆ ಒಂದು ಬಗೆಯ ನಿಷ್ಠುರತೆ ಬರುತ್ತದೆ. ಅವರ ‘ಕಾವ್ಯಪೀಠಿಕ’ಯಲ್ಲಿ ಭಾರತೀಯ ರಸಧ್ವನಿ ವಿಚಾರವೂ ಪಾಶ್ಚಾತ್ಯ ಕಾವ್ಯತತ್ತ್ವವೂ ಎದುರೆದುರಿಗೆ ನಿಂತು ಪರಸ್ಪರ ಪ್ರಶ್ನೆ ಕೇಳುತ್ತವೆ. ನಮ್ಮ ತೀ. ನಂ. ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಒಂದು ಪರಂಪರೆಯ ಒಳಗೆ ನಿಂತು ಅದನ್ನು ತಿಳಿಯಾಗಿ ವಿವರಿಸಿದ ಗ್ರಂಥ. ಮುಂಡಶ್ಶೇರಿಯವರದು ಎರಡು ಪರಂಪರೆಗಳ ನಡುವೆ ನಿಂತವರ ಗ್ರಂಥ. ಹೆಚ್ಚು ನೆಮ್ಮದಿಯ ಓದು ತೀ. ನಂ. ಶ್ರೀ. ಅವರದೇ ಎಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ. ಮುಂಡಶ್ಶೇರಿಯವರ ಗದ್ಯಕ್ಕೆ ವಾದದ ಬಿಸಿ ಸದಾ ತಾಗಿಕೊಂಡಿರುತ್ತದೆ.

ಅವರ ಹೆಸರಿಗೆ ಅಂಟಿಕೊಂಡಿರುವ ಮಾತು ‘ರೂಪಭದ್ರತೆ’. 1940ರ ದಶಕದಲ್ಲಿ ಕೇರಳದ ಪ್ರಗತಿಪರ ಲೇಖಕರ ಸಂಘದಲ್ಲಿ ದೊಡ್ಡ ಜಿಜ್ಞಾಸೆ ನಡೆಯಿತು. ಕೃತಿಯ ವಸ್ತು ಜನಪರವಾಗಿದ್ದರೆ ಸಾಕೆ, ಅಥವಾ ಅದು ಕೃತಿಯಾಗಿಯೂ ಗಟ್ಟಿಯಾಗಿರಬೇಕೆ? ಇ. ಎಂ. ಎಸ್. ನಂಬೂದಿರಿಪಾಡ್ ಮೊದಲಾದ ಕಮ್ಯೂನಿಸ್ಟ್ ಚಿಂತಕರು ವಸ್ತುವಿನ ಪಕ್ಷ ವಹಿಸಿದರು. ಮುಂಡಶ್ಶೇರಿಯವರು ವಸ್ತುವನ್ನು ತಿರಸ್ಕರಿಸಲಿಲ್ಲ. ವಸ್ತು ಎಷ್ಟೇ ಒಳ್ಳೆಯದಾದರೂ ರೂಪ ಸಡಿಲವಾದರೆ ಅದು ಕೃತಿಯಾಗಿ ನಿಲ್ಲಲಾರದು, ತನ್ನ ವಸ್ತುವಿಗೇ ದ್ರೋಹ ಬಗೆಯುತ್ತದೆ ಎಂಬುದು ಅವರ ನಿಲುವಿನ ತಾತ್ಪರ್ಯ. ಅ. ನ. ಕೃ. ಅವರ ಮುಂದಾಳುತನದಲ್ಲಿ ನಮ್ಮ ಪ್ರಗತಿಶೀಲ ಚಳವಳಿ ನಡೆದದ್ದೂ ಅದೇ ದಶಕದಲ್ಲಿ. ಆದರೆ ಈ ಪ್ರಶ್ನೆಯನ್ನು ಚಳವಳಿಯ ಒಳಗಿನಿಂದಲೇ ಇಷ್ಟು ಖಡಾಖಂಡಿತವಾಗಿ ಎತ್ತಿದವರು ನಮ್ಮಲ್ಲಿ ವಿರಳ. ನಮ್ಮಲ್ಲಿ ಅದು ಬಹುಮಟ್ಟಿಗೆ ಮುಂದಿನ ತಲೆಮಾರಿನ ನವ್ಯರ ಆಕ್ಷೇಪಣೆಯಾಗಿ, ಹೊರಗಿನಿಂದ, ಬಂದಿತು. ಹೀಗೆ ವಾದದಲ್ಲಿ ಎದುರು ನಿಂತವರ ಮಂತ್ರಿಮಂಡಲದಲ್ಲಿಯೇ ಮುಂಡಶ್ಶೇರಿಯವರು ಕೆಲವು ವರ್ಷಗಳ ಮೇಲೆ ಮಂತ್ರಿಗಳಾದರು. ಇದನ್ನು ಅವಕಾಶವಾದವೆಂದು ಕರೆಯುವುದು ಸುಲಭ. ನನಗೆ ಅದು ಸರಿಯಲ್ಲವೆಂದು ತೋರುತ್ತದೆ. ವಸ್ತುವಿನ ಬಗೆಗೆ ಅವರಿಗೂ ಆ ಪಕ್ಷಕ್ಕೂ ಭೇದ ಹೆಚ್ಚಿರಲಿಲ್ಲ.

ಆ ವಸ್ತು ಯಾವುದು? ಖಾಸಗಿ ಶಾಲಾ-ಕಾಲೇಜಿನ ಅಧ್ಯಾಪಕನ ಬಾಳು. ಮಂತ್ರಿಯಾಗುವ ಎಷ್ಟೋ ಮುಂಚೆಯೇ ಅವರು ‘ಪ್ರೊಫೆಸರ್’ ಎಂಬ ಕಾದಂಬರಿಯಲ್ಲಿ ಖಾಸಗಿ ಆಡಳಿತದ ಕೈಕೆಳಗೆ ದುಡಿಯುವ ಅಧ್ಯಾಪಕನ ಅಸಹಾಯಕತೆಯನ್ನು ಚಿತ್ರಿಸಿದ್ದರು. ಕಾದಂಬರಿಕಾರರಾಗಿ ಅವರ ಸ್ಥಾನ ದೊಡ್ಡದೆಂದು ಯಾರೂ ಹೇಳಲಾರರು. ಆದರೆ ಮಸೂದೆಯ ಪೂರ್ವಪೀಠಿಕೆಯಾಗಿ ಆ ಕಾದಂಬರಿಯನ್ನು ಓದತಕ್ಕದ್ದು. ಅದೇ ತ್ರಿಶೂರಿನ ಕಾಲೇಜಿನಲ್ಲಿ ಪಾಠ ಹೇಳಿದ, ಅದೇ ಕಥೋಲಿಕ ಸಮುದಾಯದ ಇನ್ನೊಬ್ಬ ದೊಡ್ಡ ವಿಮರ್ಶಕ ಎಂ. ಪಿ. ಪಾಲ್ ಅವರಿಗೂ ಆಡಳಿತದೊಂದಿಗೆ ಹೊಂದಿಕೆಯಾಗಲಿಲ್ಲ. ಅವರು ಸ್ವಂತ ಟ್ಯುಟೋರಿಯಲ್ ಕಾಲೇಜು ತೆರೆದರು. 1945ರಲ್ಲಿ ಕೋಟ್ಟಯಂನಲ್ಲಿ ಸ್ಥಾಪಿತವಾದ ಲೇಖಕರ ಸಹಕಾರ ಸಂಘದ ಮೊದಲನೆಯ ಅಧ್ಯಕ್ಷರಾದರು. ಪಾಲ್ ಅವರು ಕಂಡುಕೊಂಡ ಉತ್ತರ ಹೊರಗೆ ಹೋಗಿ ಬೇರೊಂದು ಸಂಸ್ಥೆ ಕಟ್ಟುವುದು. ಮುಂಡಶ್ಶೇರಿಯವರದು ಒಳಗಿರುವ ಎಲ್ಲ ಅಧ್ಯಾಪಕರಿಗಾಗಿ ಕಾನೂನನ್ನು ಬದಲಿಸುವುದು. ಮಸೂದೆಯನ್ನು ಹಳೆಯ ಧಣಿಗಳ ಮೇಲಿನ ಸೇಡೆಂದು ಓದುವವರು ಈ ಭೇದವನ್ನು ಗಮನಿಸಬೇಕು. ಸೇಡಿಗೆ ಒಬ್ಬ ಬಿಷಪ್ಪರ ಮೇಲೆ ಒಂದು ಪುಸ್ತಕ ಬರೆದರೆ ಸಾಕಾಗುತ್ತಿತ್ತು. ಊರೂರಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯನ ಸಂಬಳದ ಲೆಕ್ಕಕ್ಕೆ ಕೈ ಹಾಕಬೇಕಾಗಿರಲಿಲ್ಲ.

1957ರ ಏಪ್ರಿಲ್ 5ರಂದು ಅಧಿಕಾರ ವಹಿಸಿಕೊಂಡ ಮಂತ್ರಿಮಂಡಲಕ್ಕೆ ದೊರೆತ ವಿದ್ಯಾ ಇಲಾಖೆಯ ಸ್ಥಿತಿಯೇನು? ರಾಜ್ಯದ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವು. ಅವುಗಳ ಒಡೆತನ ಚರ್ಚುಗಳದು, ನಾಯರ್ ಸರ್ವಿಸ್ ಸೊಸೈಟಿಯಂಥ ಸಮುದಾಯ ಸಂಸ್ಥೆಗಳದು, ಎಷ್ಟೋ ಕಡೆ ಒಬ್ಬೊಬ್ಬ ವ್ಯಕ್ತಿಯದು. ಅವುಗಳಿಗೆ ಸರಕಾರದ ಸಹಾಯಧನ ಹರಿಯುತ್ತಿತ್ತು. ನಾನು ಬ್ಯಾಂಕಿನಲ್ಲಿ ಲೆಕ್ಕಪತ್ರಗಳ ನಡುವೆ ಬದುಕುವವನು; ನನ್ನ ಗಮನ ಮೊದಲು ಹೋಗುವುದು ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದರ ಕಡೆಗೆ. ಹಣ ಸರಕಾರದಿಂದ ವ್ಯವಸ್ಥಾಪಕನಿಗೆ, ವ್ಯವಸ್ಥಾಪಕನಿಂದ ಉಪಾಧ್ಯಾಯನಿಗೆ. ಈ ನಡುವಿನ ಕೈಯಲ್ಲಿಯೇ ಎಲ್ಲ ರೋಗವೂ ಅಡಗಿತ್ತು. ಪೂರ್ಣ ಸಂಬಳಕ್ಕೆ ರಸೀದಿ, ಕೈಗೆ ಬರುವುದು ಅದಕ್ಕಿಂತ ಕಡಮೆ; ಕೇಳಿದರೆ ನೌಕರಿಯೇ ಇಲ್ಲ. ಎಲ್ಲ ಆಡಳಿತಗಳೂ ಹೀಗಿದ್ದವೆಂದಲ್ಲ. ಕೇರಳದ ಸಾಕ್ಷರತೆಯ ಬಹುಪಾಲು ಕೀರ್ತಿ ಈ ಖಾಸಗಿ ಶಾಲೆಗಳಿಗೇ ಸಲ್ಲತಕ್ಕದ್ದು. ಆದರೆ ಒಳ್ಳೆಯ ವ್ಯವಸ್ಥಾಪಕನ ಕೈಕೆಳಗೂ ಉಪಾಧ್ಯಾಯನಿಗೆ ದೊರೆಯುತ್ತಿದ್ದದ್ದು ದಯೆ, ಹಕ್ಕಲ್ಲ.

1957ರ ಸೆಪ್ಟೆಂಬರ್ 2ರಂದು ಶಾಸನಸಭೆ ಅಂಗೀಕರಿಸಿದ ಮಸೂದೆಯ ಹೃದಯ 9ನೆಯ ಮತ್ತು 11ನೆಯ ಕಲಮುಗಳು. 9ನೆಯದರಂತೆ ಸಹಾಯ ಪಡೆಯುವ ಶಾಲೆಗಳ ಉಪಾಧ್ಯಾಯರ ಸಂಬಳವನ್ನು ಸರಕಾರವೇ ಕೊಡತಕ್ಕದ್ದು; 8ನೆಯ ಕಲಮಿನಂತೆ ವ್ಯವಸ್ಥಾಪಕನು ವಸೂಲು ಮಾಡಿದ ಶುಲ್ಕವನ್ನು ಸರಕಾರಕ್ಕೆ ಜಮೆ ಮಾಡತಕ್ಕದ್ದು. 11ನೆಯದರಂತೆ ರಾಜ್ಯದ ಲೋಕಸೇವಾ ಆಯೋಗವು ಜಿಲ್ಲೆಗಳಿಗೆ ತಕ್ಕಂತೆ ಅಭ್ಯರ್ಥಿಗಳನ್ನು ಆರಿಸಿ ಪಟ್ಟಿ ಸಿದ್ಧಪಡಿಸಬೇಕು. ವ್ಯವಸ್ಥಾಪಕರು ಆ ಪಟ್ಟಿಯಿಂದಲೇ ನೇಮಕ ಮಾಡಿಕೊಳ್ಳಬೇಕು. ಹಿಂದುಳಿದ ವರ್ಗಗಳ ಮೀಸಲಾತಿಯೂ ಅದರಲ್ಲಿ ಸೇರಬೇಕು. ಸಂಬಳ ಕೊಡುವ ಕೈಯಲ್ಲಿಯೇ ಆಯ್ಕೆಯ ಹೊಣೆಯೂ ಇರಲಿ ಎಂಬುದು ಸರಳವಾದ ತತ್ತ್ವ. ಈ ಎರಡು ಕಲಮುಗಳು ಒಂದಕ್ಕೊಂದು ಆಧಾರ; ಒಂದನ್ನು ಕಿತ್ತರೆ ಇನ್ನೊಂದರ ಅರ್ಥವೇ ಬದಲಾಗುತ್ತದೆ.

ಇಷ್ಟಕ್ಕೇ ಮಸೂದೆ ನಿಂತಿದ್ದರೆ! 14ನೆಯ ಕಲಮಿನಂತೆ ಕರ್ತವ್ಯಲೋಪ ಮಾಡಿದ ಶಾಲೆಯ ಆಡಳಿತವನ್ನು ಸರಕಾರವು ಐದು ವರ್ಷಗಳವರೆಗೆ ವಹಿಸಿಕೊಳ್ಳಬಹುದಾಗಿತ್ತು. 15ನೆಯದರಂತೆ ಒಂದು ಪ್ರದೇಶದ ಒಂದು ವರ್ಗದ ಸಹಾಯಿತ ಶಾಲೆಗಳನ್ನೆಲ್ಲ ಸ್ವಾಧೀನಪಡಿಸಿಕೊಳ್ಳಬಹುದಾಗಿತ್ತು. ಇಲ್ಲಿ ವಿಮರ್ಶಕ ಮುಂಡಶ್ಶೇರಿಯವರು ಮಂತ್ರಿ ಮುಂಡಶ್ಶೇರಿಯವರ ಹಸ್ತಪ್ರತಿಯನ್ನು ಓದಲಿಲ್ಲವೆಂದೇ ಹೇಳಬೇಕಾಗಿದೆ. ಅವರದೇ ಒಂದು ವಿಮರ್ಶಾ ಗ್ರಂಥದ ಹೆಸರು ‘ಮಾನದಂಡಂ’. ಆ ಮಾನದಂಡವನ್ನು ಈ ಮಸೂದೆಗೆ ಹಿಡಿದು ನೋಡೋಣ. ವಸ್ತು: ಉಪಾಧ್ಯಾಯನ ಭದ್ರತೆ. ಆ ವಸ್ತುವಿಗೆ 9 ಮತ್ತು 11 ಅನಿವಾರ್ಯ. 14 ಮತ್ತು 15 ಅನಿವಾರ್ಯವಲ್ಲ. ಸಂಬಳವೂ ಆಯ್ಕೆಯೂ ಸರಕಾರದ ಮೇಲ್ವಿಚಾರಣೆಗೆ ಬಂದಮೇಲೆ ಕಟ್ಟಡದ ಒಡೆತನ ಯಾರದಾದರೇನು? ಕಾವ್ಯದಲ್ಲಿ ಅನಗತ್ಯವಾದ ಅಲಂಕಾರವು ರಸಭಂಗ ಮಾಡುವಂತೆ ಈ ಅನಗತ್ಯ ಅಧಿಕಾರಗಳು ಮಸೂದೆಯ ನ್ಯಾಯವನ್ನೇ ಮಸುಕುಗೊಳಿಸಿದವು. ಬಡ ಉಪಾಧ್ಯಾಯನ ಪಕ್ಷದ ಶಾಸನವೊಂದು ಶಾಲೆಗಳನ್ನು ಕಬಳಿಸುವ ಶಾಸನವೆಂದು ಜನರಿಗೆ ತೋರಿಸಲು ವಿರೋಧಿಗಳಿಗೆ ಬೇಕಾದ ಎರಡು ಆಯುಧಗಳನ್ನು ಕರ್ತೃವೇ ಒದಗಿಸಿದಂತಾಯಿತು.

ಸುಪ್ರೀಂ ಕೋರ್ಟಿನ ಅಭಿಪ್ರಾಯವನ್ನು ಓದಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ರಾಷ್ಟ್ರಪತಿಗಳು ಸಂವಿಧಾನದ 143ನೆಯ ಅನುಚ್ಛೇದದ ಮೇರೆಗೆ ಮಸೂದೆಯನ್ನು ಕೋರ್ಟಿನ ಮುಂದಿಟ್ಟರು. ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರು ಬರೆದ ಬಹುಮತದ ಅಭಿಪ್ರಾಯ 1958ರ ಮೇ 22ರಂದು ಹೊರಬಂದಿತು. ಅಲ್ಪಸಂಖ್ಯಾತರ ಶಾಲೆಗಳ ಮಟ್ಟಿಗೆ 14 ಮತ್ತು 15ನೆಯ ಕಲಮುಗಳು ಊರ್ಜಿತವಲ್ಲವೆಂದು ಕೋರ್ಟು ಹೇಳಿತು. 9ನೆಯ, 11ನೆಯ ಕಲಮುಗಳು ಆಡಳಿತದ ಹಕ್ಕಿನೊಳಗೆ ಆಳವಾಗಿ ಕೈಯಿಡುತ್ತವೆಂದು ಒಪ್ಪಿಕೊಂಡರೂ, ಅಲ್ಪವೇತನದ ಉಪಾಧ್ಯಾಯರ ರಕ್ಷಣೆಗಾಗಿ ಇರುವ ಈ ನಿಬಂಧನೆಗಳನ್ನು ಸಹಾಯಧನದ ಷರತ್ತುಗಳಾಗಿ ವಿಧಿಸಬಹುದೆಂಬ ನಿಲುವಿಗೆ ಬಂದಿತು. ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂಬ, ಇಂದಿಗೂ ವಕೀಲರ ಬಾಯಲ್ಲಿರುವ ತತ್ತ್ವ ಹುಟ್ಟಿದ್ದು ಈ ಅಭಿಪ್ರಾಯದಲ್ಲಿಯೇ. ಎಂದರೆ ನ್ಯಾಯಾಲಯವು ಮಸೂದೆಯ ಹೃದಯವನ್ನು ಮುಟ್ಟಲಿಲ್ಲ. ಸಡಿಲವಾಗಿದ್ದ ಅಂಗಗಳನ್ನು ಮಾತ್ರ ಕತ್ತರಿಸಿತು. ರೂಪಭದ್ರತೆಯ ಪಾಠವನ್ನು ರೂಪಭದ್ರತಾವಾದಿಗೆ ನ್ಯಾಯಾಧೀಶರು ಹೇಳಿಕೊಟ್ಟರು.

ಪರಿಷ್ಕೃತ ಮಸೂದೆ 1958ರ ನವೆಂಬರಿನಲ್ಲಿ ಅಂಗೀಕೃತವಾಗಿ, 1959ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು, ಜೂನ್ 1ರಿಂದ ಜಾರಿಗೆ ಬಂದಿತು. ಅಷ್ಟರಲ್ಲಿ ಕಾಲ ಮೀರಿತ್ತು. ಜೂನ್ 12ರಂದು ‘ವಿಮೋಚನ ಸಮರ’ ಆರಂಭವಾಯಿತು, ಮನ್ನತ್ತು ಪದ್ಮನಾಭನ್ ಅವರ ನೇತೃತ್ವದಲ್ಲಿ ನಾಯರ್ ಸಂಘಟನೆಯೂ ಕಥೋಲಿಕ ಚರ್ಚೂ ಕಾಂಗ್ರೆಸ್ಸೂ ಒಂದುಗೂಡಿದವು, ಗೋಲಿಬಾರುಗಳಾದವು, ಜುಲೈ 31ರಂದು ಮಂತ್ರಿಮಂಡಲ ವಜಾ ಆಯಿತು. ಈ ಕಥೆಯನ್ನು ಬಹಳ ಜನ ಬರೆದಿದ್ದಾರೆ, ಇಲ್ಲಿ ಬೆಳೆಸಬೇಕಾಗಿಲ್ಲ. ಭೂಸುಧಾರಣೆಯ ಮಸೂದೆಯೂ ಅದರ ಹಿಂದಿತ್ತೆಂಬುದನ್ನು ಮರೆಯದಿದ್ದರೆ ಸಾಕು.

ಇದಕ್ಕಿಂತ ಮುಖ್ಯವಾದ ಸಂಗತಿ 1960ರಲ್ಲಿ, ಸದ್ದಿಲ್ಲದೆ ನಡೆಯಿತು. ಹೊಸ ಸರಕಾರದ ಕಾಲದಲ್ಲಿ ಬಂದ ತಿದ್ದುಪಡಿಯು 11ನೆಯ ಕಲಮನ್ನು ಬದಲಿಸಿ, ನಿಗದಿತ ಅರ್ಹತೆಯುಳ್ಳವರಲ್ಲಿ ತಮಗೆ ಬೇಕಾದವರನ್ನು ನೇಮಿಸಿಕೊಳ್ಳುವ ಅಧಿಕಾರವನ್ನು ವ್ಯವಸ್ಥಾಪಕರಿಗೆ ಮರಳಿ ಕೊಟ್ಟಿತು. ಸರಕಾರವೇ ಸಂಬಳ ಕೊಡುವ 9ನೆಯ ಕಲಮು ಮಾತ್ರ ಉಳಿಯಿತು. ಕೊಡುವ ಕೈ ಒಂದು, ನೇಮಿಸುವ ಕೈ ಇನ್ನೊಂದು! ಯಾವ ಬ್ಯಾಂಕಿನಲ್ಲಿಯೂ ಇಂಥ ಏರ್ಪಾಟನ್ನು ತಪಾಸಣಾಧಿಕಾರಿಗಳು ಒಪ್ಪಲಾರರು. ಮುಂಡಶ್ಶೇರಿಯವರ ಕಾಲಕ್ಕೆ ಮುಂಚೆ ವ್ಯವಸ್ಥಾಪಕನು ಸಂಬಳವನ್ನು ಕಡಿತ ಮಾಡುತ್ತಿದ್ದ. ಈಗ ಸಂಬಳ ಸುಭದ್ರವಾದುದರಿಂದಲೇ ನೌಕರಿಗೆ ಬೆಲೆ ಬಂದು, ನೇಮಕಕ್ಕೆ ಮೊದಲೇ ‘ದೇಣಿಗೆ’ ಕೇಳುವ ಪದ್ಧತಿ ಬೆಳೆಯಿತು. ಅರ್ಧ ಜಾರಿಯಾದ ಸುಧಾರಣೆಯು ಕೆಲವೊಮ್ಮೆ ಜಾರಿಯಾಗದ ಸುಧಾರಣೆಗಿಂತ ವಿಚಿತ್ರವಾದ ಫಲ ಕೊಡುತ್ತದೆ. ಆದರೂ ಉಪಾಧ್ಯಾಯನು ತಿಂಗಳ ಕೊನೆಗೆ ಪೂರ್ತಿ ಸಂಬಳವನ್ನು ಹಕ್ಕಾಗಿ ಪಡೆಯತೊಡಗಿದನೆಂಬುದು ಸಣ್ಣ ಸಾಧನೆಯಲ್ಲ. ಆ ಮಟ್ಟಿಗೆ ‘ಪ್ರೊಫೆಸರ್’ ಕಾದಂಬರಿಯ ಕರ್ತೃ ಗೆದ್ದರು.

ಅದೇ ಕಾಲದಲ್ಲಿ ದಿಲ್ಲಿಯಲ್ಲಿಯೂ ಅಧ್ಯಾಪಕ ವೃತ್ತಿಯಿಂದ ಬಂದ ವಿದ್ಯಾಮಂತ್ರಿಯೊಬ್ಬರಿದ್ದರು: ಡಾ. ಕೆ. ಎಲ್. ಶ್ರೀಮಾಲಿ. ಉದಯಪುರದ ವಿದ್ಯಾಭವನದ ಮುಖ್ಯೋಪಾಧ್ಯಾಯರಾಗಿದ್ದ ಅವರು 1958ರಿಂದ 1963ರವರೆಗೆ ಕೇಂದ್ರದ ವಿದ್ಯಾ ಇಲಾಖೆಯನ್ನು ನಡೆಸಿ, ಕಾಮರಾಜ ಯೋಜನೆಯಂತೆ ಹುದ್ದೆ ಬಿಟ್ಟು, ಅನಂತರ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು (1964-69). ಶ್ರೀಮಾಲಿಯವರ ಮನಸ್ಸು ಸಂಸ್ಥೆಗಳನ್ನು ಕಟ್ಟುವ ಮನಸ್ಸು. 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮಂಡಲಿ, 1963ರ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಮೊದಲಾದವು ಅವರ ಕಾಲದವು. ಅವು ಯಾರನ್ನೂ ನೋಯಿಸಲಿಲ್ಲ. ಯಾವ ವ್ಯವಸ್ಥಾಪಕನ ನಿದ್ದೆಯನ್ನೂ ಕೆಡಿಸಲಿಲ್ಲ. ಮುಂಡಶ್ಶೇರಿಯವರು ಮುಟ್ಟಿದ್ದು ಸಂಬಂಧಗಳನ್ನು, ಎಂದರೆ ಯಾರು ಯಾರ ಆಳು ಎಂಬುದನ್ನು. ಆದಕಾರಣ ಒಬ್ಬರಿಗೆ ಗೌರವ, ಇನ್ನೊಬ್ಬರಿಗೆ ಸಮರ ದೊರೆತದ್ದರಲ್ಲಿ ಆಶ್ಚರ್ಯವಿಲ್ಲ.

ಪದಚ್ಯುತರಾದಮೇಲೂ ಮುಂಡಶ್ಶೇರಿಯವರು ಬರೆಯುವುದನ್ನು ಬಿಡಲಿಲ್ಲ. ‘ಕೊಳಿಞ್ಞ ಇಲಗಳ್’ (ಉದುರಿದ ಎಲೆಗಳು) ಎಂಬ ಅವರ ಆತ್ಮಕಥೆ ಮಲಯಾಳಂ ಗದ್ಯದಲ್ಲಿ ಗಣ್ಯವಾದ ಗ್ರಂಥ. 1971ರಲ್ಲಿ ಕೊಚ್ಚಿ ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಅದರ ಮೊದಲನೆಯ ಉಪಕುಲಪತಿಗಳಾದರು. 1977ರ ಅಕ್ಟೋಬರ್ 25ರಂದು ತೀರಿಕೊಂಡರು.

ಇನ್ನು ನಮಗೆ, ಹೊರನಾಡ ಕನ್ನಡಿಗರಿಗೆ, ಸಂಬಂಧಿಸಿದ ಭಾಗ. 1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಆರು ತಿಂಗಳೊಳಗೆ ಮುಂಡಶ್ಶೇರಿಯವರು ಅಲ್ಲಿಯ ಕನ್ನಡ ಶಾಲೆಗಳಿಗೂ ವಿದ್ಯಾಮಂತ್ರಿಗಳಾದರು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ, ಕಾಸರಗೋಡಿನ ವಿಲೀನೀಕರಣಕ್ಕಾಗಿ ಕೊನೆಯವರೆಗೂ ದನಿಯೆತ್ತಿದ ಕವಿ ಕಯ್ಯಾರ ಕಿಞ್ಞಣ್ಣ ರೈಯವರಂಥವರು ಕೆಲಸ ಮಾಡಿದ್ದು ಈ ಶಾಸನದ ಆಳ್ವಿಕೆಯಲ್ಲಿಯೇ. ಉಪಾಧ್ಯಾಯರಾಗಿ ಅವರಿಗೆ ಈ ಶಾಸನ ಮಿತ್ರ. ಕನ್ನಡಿಗರಾಗಿ?

11ನೆಯ ಕಲಮಿನ ಮೂಲರೂಪವನ್ನು ಇನ್ನೊಮ್ಮೆ ನೋಡಿರಿ. ಪಟ್ಟಿ ಜಿಲ್ಲೆಗಳಿಗೆ ತಕ್ಕಂತೆ ಸಿದ್ಧವಾಗಬೇಕು. 1957ರಲ್ಲಿ ಕಾಸರಗೋಡು ಕಣ್ಣೂರು ಜಿಲ್ಲೆಯ ಒಂದು ತಾಲ್ಲೂಕು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಕಣ್ಣೂರಿನಂಥ ಮಲಯಾಳಂ ಬಹುಸಂಖ್ಯಾತ ಜಿಲ್ಲೆಯ ಪಟ್ಟಿಯಿಂದ ಕನ್ನಡ ಶಾಲೆಗೆ ಕನ್ನಡ ಬಲ್ಲ ಉಪಾಧ್ಯಾಯ ಬರುವನೆಂಬುದಕ್ಕೆ ಖಾತರಿ ಎಲ್ಲಿ? ಮಸೂದೆಯ ಸುತ್ತ ಎದ್ದ ವಾದವಿವಾದದಲ್ಲಿ ‘ಅಲ್ಪಸಂಖ್ಯಾತ’ ಎಂಬ ಮಾತು ಬಹುಮಟ್ಟಿಗೆ ಮತದ ಅರ್ಥದಲ್ಲಿಯೇ ಓಡಾಡಿತು. ಸಂವಿಧಾನದ 30ನೆಯ ಅನುಚ್ಛೇದ ಮತ ಮತ್ತು ಭಾಷೆ ಎರಡನ್ನೂ ಹೆಸರಿಸುತ್ತದೆಯಾದರೂ, ತಮ್ಮ ಚರ್ಚಿನೊಂದಿಗೆ ಜೀವಮಾನವೆಲ್ಲ ಸೆಣಸಿದ ಮುಂಡಶ್ಶೇರಿಯವರಿಗೆ ಅಲ್ಪಸಂಖ್ಯಾತನೆಂದರೆ ಎದುರಿಗೆ ಕಂಡದ್ದು ಬಲಿಷ್ಠನಾದ ಪಾದ್ರಿ. ಗಡಿಯ ಕನ್ನಡ ಮಗು ಕಣ್ಣಿಗೆ ಬೀಳಲಿಲ್ಲ. ಜೀವಮಾನವೆಲ್ಲ ಭಾಷೆಯನ್ನು ಕಲಿಸಿದವರ ಶಾಸನದಲ್ಲಿ ಭಾಷೆಯ ಪ್ರಶ್ನೆ ಹಿಂದೆ ಸರಿದದ್ದು, 14 ಮತ್ತು 15ನೆಯ ಕಲಮುಗಳಿಗಿಂತಲೂ ನನಗೆ ಹೆಚ್ಚು ಗಂಭೀರವಾದ ರೂಪದೋಷವೆಂದು ತೋರುತ್ತದೆ.

ಆದ್ದರಿಂದ ಒಂದು ವಿಪರ್ಯಾಸ. 1960ರ ತಿದ್ದುಪಡಿ ಉಪಾಧ್ಯಾಯನ ದೃಷ್ಟಿಯಿಂದ ಹಿನ್ನಡೆ. ಕಾಸರಗೋಡಿನ ಕನ್ನಡಿಗರ ಸಹಾಯಿತ ಶಾಲೆಗಳಿಗಾದರೋ ತಮ್ಮ ಭಾಷೆಯವರನ್ನು ತಾವೇ ನೇಮಿಸಿಕೊಳ್ಳುವ ಆಸರೆ ಅದರಿಂದಲೇ ಉಳಿಯಿತು. ಆಯೋಗದ ಮೂಲಕ ನೇಮಕವಾಗುವ ಸರಕಾರೀ ಶಾಲೆಗಳ ಕನ್ನಡ ತರಗತಿಗಳಿಗೆ ಕನ್ನಡ ಸರಿಯಾಗಿ ಬಾರದ ಅಧ್ಯಾಪಕರು ಬಂದರೆಂದು ಈಚಿನ ವರ್ಷಗಳಲ್ಲಿ ತಂದೆತಾಯಿಗಳೂ ಮಕ್ಕಳೂ ಪ್ರತಿಭಟಿಸಿದ್ದಾರೆ. ಹಾಗೆಂದು ‘ದೇಣಿಗೆ’ಯ ಪದ್ಧತಿಯನ್ನು ಕನ್ನಡದ ಹೆಸರಿನಲ್ಲಿ ಸಮರ್ಥಿಸುವುದು ನಮಗೆ ಶೋಭಿಸದು. ಮುಂಬಯಿಯಲ್ಲಿ, ಪುಣೆಯಲ್ಲಿ ಕನ್ನಡ ಶಾಲೆಗಳನ್ನು ನಡೆಸಿಕೊಂಡು ಬಂದಿರುವ ನಮ್ಮ ಸಂಘಗಳೂ 30ನೆಯ ಅನುಚ್ಛೇದದ ಆಸರೆಯಲ್ಲಿಯೇ ನಿಂತಿವೆ. ಅಲ್ಪಸಂಖ್ಯಾತರೆಂಬುದನ್ನು ಆಯಾ ರಾಜ್ಯದ ಜನಸಂಖ್ಯೆಯಿಂದ ಅಳೆಯಬೇಕೆಂದು, ರಾಜ್ಯದ ಶಾಸನದ ಸಂದರ್ಭದಲ್ಲಿ, 1958ರ ಅದೇ ಅಭಿಪ್ರಾಯ ಹೇಳಿತ್ತು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ರಾಜ್ಯವೇ ಅಳತೆಯ ಘಟಕವೆಂದು ಸ್ಥಿರಪಡಿಸಿತು. ಆ ಹಕ್ಕನ್ನು ನಾವು ಮಗುವಿನ ಭಾಷೆಗಾಗಿ ಕೇಳುತ್ತೇವೆಯೋ, ಆಡಳಿತ ಮಂಡಲಿಯ ಕುರ್ಚಿಗಾಗಿ ಕೇಳುತ್ತೇವೆಯೋ ಎಂಬುದನ್ನು ಮುಂಡಶ್ಶೇರಿಯವರ ಕಾದಂಬರಿಯ ಅಧ್ಯಾಪಕ ನಮ್ಮನ್ನೂ ಕೇಳಬಲ್ಲನು.

ಇಲ್ಲಿ ಒಂದು ಸಲಹೆಯನ್ನು ವಿದ್ವಾಂಸರ ಮುಂದಿಡಬಯಸುತ್ತೇನೆ. 11ನೆಯ ಕಲಮಿನ ಮೂಲತತ್ತ್ವವನ್ನು, ಎಂದರೆ ಹೊರಗಿನ ಸ್ವತಂತ್ರ ಆಯ್ಕೆಯನ್ನು, ಒಪ್ಪಿಕೊಂಡು ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೆ ಪ್ರತ್ಯೇಕ ಪಟ್ಟಿ ಇರಲಿ. ಆ ಪಟ್ಟಿಗೆ ಸೇರುವ ಮುನ್ನ ಆಯಾ ಭಾಷೆಯಲ್ಲಿ ಲಿಖಿತ ಪರೀಕ್ಷೆಯೂ ಮಕ್ಕಳ ಎದುರಿಗೆ ಒಂದು ಗಂಟೆಯ ಪಾಠವೂ ನಡೆಯಲಿ. ಪರೀಕ್ಷಕರಲ್ಲಿ ಆ ಭಾಷೆಯ ಅಧ್ಯಾಪಕರು ಬಹುಮತದಲ್ಲಿರಲಿ. ಕಾಸರಗೋಡಿಗೆ ಇದನ್ನು ಕೇಳುವವರು ಕರ್ನಾಟಕದೊಳಗಿನ ಮರಾಠಿ, ಉರ್ದು, ತಮಿಳು, ತೆಲುಗು ಶಾಲೆಗಳಿಗೂ ಅದನ್ನೇ ಕೇಳಲು ಸಿದ್ಧರಿರಬೇಕು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಾಗಿಲ್ಲ; ಒಂದು ಕಲಮನ್ನು ಮತ್ತೆ ಬರೆದರೆ ಸಾಕು.